ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿ: ಪಶ್ಚಿಮ ಘಟ್ಟದ ಕಾಡುದಾರಿಗಳಲ್ಲಿ ಚಾರಣಕ್ಕೆ ಹೊರಡುವವರಿಗೆ

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಎತ್ತರ ಸುಮಾರು 1930 ಮೀಟರ್. ಆದರೆ ಅದರ ತುದಿ ಮುಟ್ಟಲು ದೊಡ್ಡ ಕಷ್ಟವೇನಿಲ್ಲ. ವಾಹನ ಬಹಳ ಮೇಲಿನವರೆಗೆ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಅಜ್ಜಿಯಂದಿರೂ ಸೆರಗು ಬಿಗಿದುಕೊಂಡು ಹತ್ತುತ್ತಾರೆ. ಕುಮಾರ ಪರ್ವತ ಅದಕ್ಕಿಂತ ಇನ್ನೂರು ಮೀಟರ್ ಕುಳ್ಳ, 1712 ಮೀಟರ್ ಅಷ್ಟೇ. ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಅದನ್ನು ಹತ್ತಿ ಇಳಿದವರು ಎರಡು ದಿನ ಮೆಟ್ಟಿಲು ಕಂಡರೆ ಮುಖ ಸಿಂಡರಿಸುತ್ತಾರೆ.

ಕಾರಣ ಸರಳ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಬೆಟ್ಟದ ಎತ್ತರ ನೋಡಿ ಕಷ್ಟ ಅಳೆಯಬೇಡಿ. ನೀವು ಎಲ್ಲಿಂದ ನಡೆಯಲು ಶುರು ಮಾಡುತ್ತೀರಿ, ಎಷ್ಟು ಹೊತ್ತಿಗೆ ಅದೇ ಜಾಗಕ್ಕೆ ವಾಪಸ್ ಬರುತ್ತೀರಿ, ಅದನ್ನು ನೋಡಿ. ಕಾಡಿನಲ್ಲಿ ಆಗುವ ಎಡವಟ್ಟುಗಳಲ್ಲಿ ಬಹಳಷ್ಟು ಆಗುವುದು ಇಳಿಯುವಾಗ, ಕತ್ತಲಾಗುವ ಹೊತ್ತಿಗೆ, ಕಾಲು ಸೋತ ಮೇಲೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸಂಜೆಯಿಂದ ಹಿಂದಕ್ಕೆ ಹಾಕುವ ಲೆಕ್ಕ.

ಮೊದಲು ಅನುಮತಿ

ಬೆಟ್ಟ ಎಂದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದಾದ ಜಾಗ ಅಂತ ತುಂಬ ಜನ ತಿಳಿದಿದ್ದಾರೆ. ನಮ್ಮ ಘಟ್ಟದ ಹೆಸರುವಾಸಿ ಶಿಖರಗಳಲ್ಲಿ ಹೆಚ್ಚಿನವು ಅರಣ್ಯ ಇಲಾಖೆಯ ಜಾಗದಲ್ಲಿವೆ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿ. ಕುದುರೆಮುಖದ್ದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಹುಲಿ ಸಂರಕ್ಷಿತ ಪ್ರದೇಶಗಳ ಮಾತೇ ಬೇರೆ. ಬಂಡೀಪುರ, ನಾಗರಹೊಳೆಯಂಥ ಕಡೆ ಸಫಾರಿ ವಾಹನದಿಂದ ಕೆಳಗಿಳಿಯುವ ಹಾಗೂ ಇಲ್ಲ.

2024ರ ಗಣರಾಜ್ಯೋತ್ಸವದ ರಜೆ ಬಹಳಷ್ಟು ಬದಲಾಯಿಸಿತು. ಆ ವಾರಾಂತ್ಯ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನಿಂತಿದ್ದ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನು ಸರ್ಕಾರ ಸ್ವಲ್ಪ ಕಾಲ ಮುಚ್ಚಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಜಾಲತಾಣ ಶುರು ಮಾಡಿತು. ಒಂದು ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಮಂದಿ ಎಂಬ ಮಿತಿ ಬಂತು. ನನ್ನನ್ನು ಕೇಳಿದರೆ ಅದೂ ಜಾಸ್ತಿಯೇ. ಒಂದಾಳು ಅಗಲದ ಹಾದಿಯಲ್ಲಿ ಮುನ್ನೂರು ಜನ ಹತ್ತಿ ಇಳಿದರೆ ಹುಲ್ಲು ಉಳಿಯುವುದಿಲ್ಲ. ಆದರೂ ಮೊದಲಿನ ನೂಕುನುಗ್ಗಲಿಗಿಂತ ಎಷ್ಟೋ ವಾಸಿ.

ಬುಕ್ ಮಾಡುವಾಗ ನೋಡಬೇಕಾದ್ದು ಕೆಲವೇ ಸಂಗತಿ. ಜಾಲತಾಣದ ವಿಳಾಸದ ಕೊನೆಯಲ್ಲಿ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಇದೆಯೇ ನೋಡಿಕೊಳ್ಳಿ. ಬಂದವರೆಲ್ಲರ ಹೆಸರೂ ಟಿಕೆಟ್‌ನಲ್ಲಿ ಇರಲಿ, ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಇರಲಿ. ಟಿಕೆಟ್ಟನ್ನು ಫೋನಿನಲ್ಲಿ ಇಳಿಸಿಕೊಳ್ಳಿ, ಒಂದು ಪ್ರಿಂಟ್ ಕೂಡ ತೆಗೆಸಿ. ಚೆಕ್‌ಪೋಸ್ಟ್ ಹತ್ತಿರ ನೆಟ್‌ವರ್ಕ್ ಸಿಗುತ್ತದೆ ಎಂಬ ನಂಬಿಕೆ ಬೇಡ. ಯುಪಿಐ ಕೂಡ ಅಲ್ಲಿ ಕೈಕೊಡುತ್ತದೆ. ಜೀಪಿಗೆ, ಊಟಕ್ಕೆ ನೋಟು ಇಟ್ಟುಕೊಂಡೇ ಹೋಗಿ.

ಟ್ರೆಕ್ಕಿಂಗ್ ಕಂಪನಿಗಳ ಮೂಲಕ ಹೋಗುವವರು ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: "ನನ್ನ ಹೆಸರಿನ ಪರ್ಮಿಟ್ ಕಳಿಸ್ತೀರಾ?" ಪರ್ಮಿಟ್ ಸಿಗದಿದ್ದರೆ ಕೊನೆ ಗಳಿಗೆಯಲ್ಲಿ ಬೇರೆ ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಇನ್ನೊಂದು ಮಾತು. ರೈಲು ಹಳಿ ಮೇಲೆ ನಡೆಯುವ 'ಟ್ರೆಕ್' ಅಂತ ಯಾವುದೂ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಎಡಕುಮೇರಿ ದಾರಿಯಾಗಲಿ, ದೂಧ್‌ಸಾಗರದ ದಾರಿಯಾಗಲಿ, ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಡಿ ಶಿಕ್ಷೆಯಾಗುವ ಕೆಲಸ. ಸುರಂಗದೊಳಗೆ ಎದುರಿನಿಂದ ರೈಲು ಬಂದರೆ ಸರಿಯಲು ಜಾಗ ಎಲ್ಲಿದೆ?

ಯಾವ ತಿಂಗಳು

ಅಕ್ಟೋಬರ್‌ನಿಂದ ಜನವರಿ. ಇದೇ ಸರಿಯಾದ ಕಾಲ. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ.

ಫೆಬ್ರವರಿ ಬಂತೆಂದರೆ ಬೆಟ್ಟದ ಮೇಲಿನ ಹುಲ್ಲುಗಾವಲು ಒಣಗಿ ಗರಿಗರಿಯಾಗುತ್ತದೆ. ಅಲ್ಲಿಂದ ಮೇ ತನಕ ಕಾಡ್ಗಿಚ್ಚಿನ ಕಾಲ. ಹೆಚ್ಚಿನ ದಾರಿಗಳನ್ನು ಆಗ ಮುಚ್ಚುತ್ತಾರೆ. ಸುಮ್ನೆ ಕಾಟ ಕೊಡಲು ಮುಚ್ಚುತ್ತಾರೆ ಅಂತ ಗೊಣಗುವವರು ಒಮ್ಮೆ ಶೋಲಾ ಕಾಡು ನೋಡಬೇಕು. ಹುಲ್ಲುಗಾವಲಿನ ಮಡಿಲಿನಲ್ಲಿ, ನೀರು ಇಳಿಯುವ ಕಣಿವೆಗಳಲ್ಲಿ ಮಾತ್ರ ಬೆಳೆಯುವ ದಟ್ಟ ಕಾಡು ಅದು. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ. ಶೋಲಾದ ಅಂಚು ಸುಟ್ಟರೆ ಮತ್ತೆ ಬರುವುದು ಸುಲಭವಲ್ಲ. ನಮ್ಮ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರು ಹಚ್ಚಿದ್ದೇ, ಬೇಕಂತಲೋ ಬೀಡಿ ತುಂಡಿನಿಂದಲೋ.

ಮಳೆಗಾಲದಲ್ಲಿ ಕೆಲವು ದಾರಿ ತೆರೆದಿರುತ್ತವೆ, ಕೆಲವು ಇರುವುದಿಲ್ಲ. ಆಯಾ ವರ್ಷದ ಆದೇಶ ನೋಡಿಯೇ ಹೊರಡಬೇಕು. ತೆರೆದಿದ್ದರೂ ಹೊಸಬರಿಗೆ ಜುಲೈ ಒಳ್ಳೆಯದಲ್ಲ. ಬೆಳಿಗ್ಗೆ ಪಾದ ಮುಳುಗುವಷ್ಟು ನೀರಿದ್ದ ಹಳ್ಳ ಮಧ್ಯಾಹ್ನ ಸೊಂಟಕ್ಕೆ ಬರುತ್ತದೆ. ಜಲಪಾತದ ಅಂಚಿನ ಬಂಡೆ ಪಾಚಿಗಟ್ಟಿರುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಸಿನಗುಂಡಿಯಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಹೋದದ್ದು ವಿಡಿಯೊದಲ್ಲೇ ದಾಖಲಾಯಿತು. ನೀರಿನಿಂದ ನಾಲ್ಕು ಮಾರು ದೂರ ನಿಂತರೂ ಜಲಪಾತ ಅಷ್ಟೇ ಚಂದ ಕಾಣುತ್ತದೆ.

ಯಾವ ಬೆಟ್ಟ, ಎಷ್ಟು ಹೊತ್ತು

ಇಲ್ಲಿ ಕಾಗದ, ಪೆನ್ನು ತೆಗೆದುಕೊಳ್ಳಿ. ಬೆಟ್ಟ ನಡೆಯುವವರು ಬಳಸುವ ಹಳೆಯ ಲೆಕ್ಕವೊಂದಿದೆ. ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಸೇರಿಸಿ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ್ದು. ನಿಲ್ಲದೆ ನಡೆಯುವ ಗಟ್ಟಿ ಕಾಲಿನವರ ಲೆಕ್ಕ ಇದು. ನಾವು ನಿಲ್ಲುತ್ತೇವೆ, ಫೋಟೊ ತೆಗೆಯುತ್ತೇವೆ, ಶೂ ಬಿಚ್ಚಿ ಉಂಬಳ (ರಕ್ತ ಹೀರುವ ಜಿಗಣೆ) ಹುಡುಕುತ್ತೇವೆ. ಹಾಗಾಗಿ ಬಂದ ಉತ್ತರಕ್ಕೆ ಮೂರನೇ ಒಂದು ಭಾಗ ಸೇರಿಸಿ.

ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಒಂದು ಬದಿಗೆ ಸುಮಾರು 13 ಕಿಲೋಮೀಟರ್. ನಡಿಗೆಗೆ ಎರಡೂವರೆ ಗಂಟೆ, ಏರಿಗೆ ಇನ್ನೊಂದು ಎರಡೂವರೆ. ಐದು ಗಂಟೆ ಆಯಿತು. ನಮ್ಮ ನಿಲುಗಡೆ ಸೇರಿದರೆ ಆರೂವರೆ, ಏಳು. ಇಳಿಯಲು ನಾಲ್ಕೂವರೆಯಿಂದ ಐದು. ಒಟ್ಟು ಹನ್ನೊಂದರಿಂದ ಹನ್ನೆರಡು ಗಂಟೆ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಕಿರುವುದೇ ಹನ್ನೊಂದು ಗಂಟೆ ಚಿಲ್ಲರೆ. ಅಂದರೆ ಎಲ್ಲ ಸರಿಯಾಗಿ ನಡೆದರೂ ಲೆಕ್ಕ ಕೂಡುವುದು ಕಷ್ಟ. ಒಬ್ಬರ ಕಾಲು ಉಳುಕಿದರೆ ಮುಗಿಯಿತು. ಗಿರಿಗದ್ದೆ ದಾಟಿ, ಕಲ್ಲು ಮಂಟಪ, ಶೇಷ ಪರ್ವತ ಹತ್ತಿದ ಮೇಲೆ "ಅಯ್ಯೋ, ಇನ್ನೊಂದು ಬೆಟ್ಟ ಇದೆಯಾ?" ಅಂತ ಕೂತುಬಿಡುವವರು ಬಹಳ. ಸೋಮವಾರಪೇಟೆ ಕಡೆಯ ಹೆಗ್ಗಡೆಮನೆ ದಾರಿ ಹಿಡಿದರೆ ದೂರವೂ ಅರ್ಧ, ಏರು ಅರ್ಧಕ್ಕಿಂತ ಕಡಿಮೆ. ಶಿಖರ ಅದೇ, ದಿನ ಬೇರೆ. ಮೊದಲ ಸಲಕ್ಕೆ ಈ ಕಡೆಯೇ ಸರಿ. ಬಡಾಯಿ ಕೊಚ್ಚುವವರು ಕುಕ್ಕೆ ದಾರಿಯನ್ನೇ ಹೊಗಳುತ್ತಾರೆ, ಬಿಡಿ.

ಕುದುರೆಮುಖ ಶಿಖರಕ್ಕೆ ಮುಳ್ಳೋಡಿಯಿಂದ ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ತೊರೆಗಳು, ಹುಲ್ಲುಗಾವಲು, ನಡುವೆ ಶೋಲಾ. ನಮ್ಮ ರಾಜ್ಯದಲ್ಲಿ ನಡೆಯಲು ಇದಕ್ಕಿಂತ ಚಂದದ ದಾರಿ ನನಗೆ ಗೊತ್ತಿಲ್ಲ. ಇದೇ ಬೆಟ್ಟಸಾಲಿನಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. ಈಗ ಗಾಳಿ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಯಾವತ್ತೂ ಬೆಟ್ಟ ಹತ್ತದವರು ನೇರ ಇವೆರಡಕ್ಕೆ ಹೋಗಬೇಡಿ. ಬೆಂಗಳೂರಿನವರಾದರೆ ಮೊದಲು ಸಾವನದುರ್ಗ ಅಥವಾ ಮಾಕಳಿದುರ್ಗ. ಅದಾದ ಮೇಲೆ ಮೂಡಿಗೆರೆ ತಾಲ್ಲೂಕಿನ ಭೈರಾಪುರದಿಂದ ಎತ್ತಿನಭುಜ, ಅರ್ಧ ದಿನದಲ್ಲಿ ಮುಗಿಯುತ್ತದೆ. ಕುದುರೆಮುಖ ಕಡೆಯ ಕುರಿಂಜಾಲು ಕೂಡ ಹೊಸಬರಿಗೆ ಒಳ್ಳೆಯದು. ದಾರಿಯ ಬಹುಪಾಲು ಹಳೆಯ ಜೀಪ್ ರಸ್ತೆ. ಆಮೇಲೆ ಕೊಡಗಿನ ತಡಿಯಂಡಮೋಳ್, 1748 ಮೀಟರ್. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಹತ್ತಿರದಿಂದ ಶುರು. ಇಷ್ಟು ಆದ ಮೇಲೆ ದೊಡ್ಡ ಬೆಟ್ಟಗಳು.

ತಿರುಗುವ ಗಂಟೆ

ಈಗ ಸಂಜೆಯಿಂದ ಹಿಂದಕ್ಕೆ ಬನ್ನಿ. ಸೂರ್ಯ ಮುಳುಗುವುದು ಆರು ಗಂಟೆ ಹೊತ್ತಿಗೆ. ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಚೆಕ್‌ಪೋಸ್ಟಿಗೆ ಐದಕ್ಕೆ ಬಂದಿರಬೇಕು ಅಂದುಕೊಳ್ಳಿ. ಇಳಿಯಲು ನಾಲ್ಕು ಗಂಟೆ ಬೇಕಿದ್ದರೆ ಒಂದು ಗಂಟೆಗೆ ನೀವು ಬೆನ್ನು ತಿರುಗಿಸಿರಬೇಕು. ಇದು ತಿರುಗುವ ಗಂಟೆ. ಶಿಖರ ಇನ್ನು ಹದಿನೈದೇ ನಿಮಿಷ ಅಂತ ಕಾಣುತ್ತಿದ್ದರೂ ತಿರುಗಬೇಕು.

ಇದನ್ನು ಮೇಲೆ ಹೋಗಿ ನಿರ್ಧರಿಸಲು ಆಗುವುದಿಲ್ಲ. ಶಿಖರ ಕಣ್ಣೆದುರು ಇದ್ದಾಗ ಎಲ್ಲರಿಗೂ ಹುಮ್ಮಸ್ಸು. "ಇಷ್ಟು ದೂರ ಬಂದಿದ್ದೇವೆ, ಇನ್ನೇನು" ಎನ್ನುವವರು ಗುಂಪಿಗೊಬ್ಬರು ಇದ್ದೇ ಇರುತ್ತಾರೆ. ಹಾಗಾಗಿ ಹಿಂದಿನ ರಾತ್ರಿಯೇ ಗಂಟೆ ಗೊತ್ತು ಮಾಡಿ, ಎಲ್ಲರ ಬಾಯಲ್ಲೂ ಹೂಂ ಅನ್ನಿಸಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಅವರ ವೇಗವೇ ಗುಂಪಿನ ವೇಗ. ಗಟ್ಟಿಗರೊಬ್ಬರು ಕೊನೆಯಲ್ಲಿ ಇರಲಿ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ, ಬೆಳಗಿನ ಜಾವ ಇಳಿದು, ಹಾಗೇ ಬೆಟ್ಟ ಹತ್ತಿ, ಅದೇ ರಾತ್ರಿ ವಾಪಸ್ ಬಸ್. ಇದು ಈಗಿನ ರೂಢಿ. ನನಗೆ ಇದು ಒಪ್ಪಿಗೆಯಿಲ್ಲ. ನಿದ್ದೆಗೆಟ್ಟ ಕಾಲು ಮಧ್ಯಾಹ್ನದ ಮೇಲೆ ಕಲ್ಲು ಗುರುತಿಸುವುದಿಲ್ಲ. ಹಿಂದಿನ ದಿನವೇ ಹೋಗಿ ಕಳಸದಲ್ಲೋ ಸಂಸೆಯಲ್ಲೋ ಒಂದು ಹೋಮ್‌ಸ್ಟೇಯಲ್ಲಿ ಉಂಡು ಮಲಗಿ. ಸಾಧ್ಯವಾದರೆ ವಾರದ ನಡುವೆ ಹೋಗಿ. ಪರ್ಮಿಟ್ ಸುಲಭವಾಗಿ ಸಿಗುತ್ತದೆ, ದಾರಿಯೂ ಖಾಲಿ.

ಚೀಲದಲ್ಲಿ ಏನು

ನೀರು ಮೂರು ಲೀಟರ್. ಕೆಳಗಿನ ತೊರೆ ದಾಟಿದ ಮೇಲೆ ಹುಲ್ಲುಗಾವಲಿನಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. ಎರಡು ಪೊಟ್ಟಣ ಓಆರ್‌ಎಸ್. ಬುತ್ತಿಗೆ ಚಪಾತಿ ಪಲ್ಯ, ಪುಳಿಯೋಗರೆ, ಕಡಲೆಕಾಯಿ ಚಿಕ್ಕಿ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ, ಬೇಡ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೂ ಒಂದು, ಹಗಲೇ ವಾಪಸ್ ಬರುವ ಲೆಕ್ಕ ಇದ್ದರೂ. ಮೊಬೈಲಿನ ಟಾರ್ಚ್ ನಂಬಿದರೆ ಒಂದು ಕೈ ಹೋಯಿತು, ಬ್ಯಾಟರಿಯೂ ಹೋಯಿತು. ರೇನ್‌ಕೋಟ್, ಒಂದು ಸೀಟಿ, ಬ್ಯಾಂಡೇಜ್, ಒಂದು ಜೊತೆ ಒಣ ಕಾಲುಚೀಲ. ದಾರಿಯ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ನೆಟ್‌ವರ್ಕ್ ಹುಡುಕುತ್ತಾ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ.

ಶೂ ಹೊಸದಾಗಿದ್ದರೆ ಎರಡು ವಾರ ಮನೆ ಸುತ್ತ ಹಾಕಿ ಓಡಾಡಿ. ಅಡಿಯಲ್ಲಿ ಆಳವಾದ ಗೆರೆಗಳಿರಬೇಕು. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ತಮಾಷೆಯಲ್ಲ. ಇಳಿಜಾರಿನಲ್ಲಿ ನಾಲ್ಕು ಗಂಟೆ ಉಗುರು ಶೂ ತುದಿಗೆ ಬಡಿದರೆ ಕಪ್ಪಾಗಿ ಉದುರುತ್ತದೆ.

ಬ್ಲೂಟೂತ್ ಸ್ಪೀಕರ್ ಮನೆಯಲ್ಲಿ ಬಿಡಿ. ಪ್ಲಾಸ್ಟಿಕ್ ಕಡಿಮೆ ಮಾಡಿ, ಕೆಲವು ಚೆಕ್‌ಪೋಸ್ಟ್‌ಗಳಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ. ಬಾಳೆಹಣ್ಣಿನ ಸಿಪ್ಪೆ ಮಣ್ಣಾಗುತ್ತದೆ ಅಂತ ಎಸೆಯಬೇಡಿ. ಅದಕ್ಕೆ ಬರುವ ಮಂಗ ನಾಳೆ ಇನ್ನೊಬ್ಬರ ಚೀಲ ಕಸಿಯುತ್ತದೆ. ಇನ್ನು ಯಾರೂ ಕೇಳದ, ಎಲ್ಲರಿಗೂ ಬೇಕಾದ ವಿಷಯ: ಬಯಲಿಗೆ ಹೋಗಬೇಕಾದರೆ ತೊರೆಯಿಂದ ಎಪ್ಪತ್ತು ಹೆಜ್ಜೆಯಾದರೂ ದೂರ, ಗೇಣುದ್ದ ಗುಂಡಿ ತೋಡಿ, ಮುಚ್ಚಿ ಬನ್ನಿ. ಕೆಳಗಿನ ಹಳ್ಳಿಯವರು ಕುಡಿಯುವುದು ಅದೇ ತೊರೆಯ ನೀರು.

ದಾರಿಯಲ್ಲಿ

ಉಂಬಳಕ್ಕೆ ಹೆದರುವವರು ಹೆಚ್ಚು. ಅದು ನಿರುಪದ್ರವಿ. ಸುಣ್ಣ, ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಒದ್ದೆ ಮಾಡಿಕೊಂಡು ಶೂ ಮೇಲೆ ಒರೆಸಿಕೊಳ್ಳುವುದು ಮಲೆನಾಡಿನವರ ಪದ್ಧತಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಕಚ್ಚಿದ್ದನ್ನು ಎಳೆದು ಕೀಳುವ ಬದಲು ಬಾಯಿಯ ಹತ್ತಿರ ಉಗುರಿನಿಂದ ಮೆಲ್ಲಗೆ ಸರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ದ್ರವ ಬಿಟ್ಟಿರುತ್ತದೆ, ಅದಕ್ಕೇ ಒಂದಷ್ಟು ಹೊತ್ತು ಸೋರುತ್ತದೆ. ಗಾಬರಿ ಬೇಡ.

ಗಾಬರಿ ಬೀಳಬೇಕಾದ್ದು ಹೆಜ್ಜೇನಿಗೆ. ಬಂಡೆ ಬೆಟ್ಟಗಳಲ್ಲಿ ದೊಡ್ಡ ಜೇನುಗೂಡು ಕಂಡರೆ ಮಾತು ನಿಲ್ಲಿಸಿ ದೂರದಿಂದ ಹಾಯ್ದುಹೋಗಿ. ಸಿಗರೇಟು ಹೊಗೆ, ಜೋರು ಸೆಂಟು, ಡ್ರೋನು ಎಲ್ಲವೂ ಅವನ್ನು ಕೆರಳಿಸುತ್ತವೆ. ಎದ್ದವೆಂದರೆ ಮುಖ ಮುಚ್ಚಿಕೊಂಡು ಓಡಿ, ನಿಂತು ಕೈ ಬೀಸಬೇಡಿ.

ಕೊಡಗಿನ ಕಡೆ, ಪುಷ್ಪಗಿರಿಯ ತಪ್ಪಲಿನಲ್ಲಿ ಆನೆ ಇವೆ. ಬಿಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ನಿಲ್ಲಿ. ಗೈಡ್ ಏನು ಹೇಳುತ್ತಾರೋ ಅದೇ ಕೊನೆ ಮಾತು. ಕಾಟಿ (ಕಾಡುಕೋಣ) ಕಂಡರೂ ಅಷ್ಟೇ, ಅದು ಹೋಗುವ ತನಕ ಕಾಯಿರಿ. ಫೋಟೊಕ್ಕೆ ಮುಂದೆ ಹೋಗಬೇಡಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ. ಕಚ್ಚಿದ ಕೈಕಾಲು ಅಲುಗದ ಹಾಗೆ ಕೋಲಿಗೆ ಕಟ್ಟಿ, ನಡೆಸದೆ ಹೊತ್ತು ಇಳಿಸಿ. ಹಾವಿನ ಬೆನ್ನು ಹತ್ತಬೇಡಿ. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926.

ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ಬೋಳು ಹುಲ್ಲುಗಾವಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಮೋಡ ಕಪ್ಪಾದರೆ ಬೆಟ್ಟದ ಏಣು ಬಿಟ್ಟು ಕೆಳಗಿಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ತಿರುಗುವ ಗಂಟೆ ಬೇಗ ಇಟ್ಟುಕೊಂಡವರಿಗೆ ಈ ತಾಪತ್ರಯವೂ ಕಡಿಮೆ.

ದಾರಿ ತಪ್ಪಿದರೆ? "ತೊರೆ ಹಿಡಿದು ಇಳಿದರೆ ಊರು ಸಿಗುತ್ತೆ" ಎಂಬ ಮಾತು ಬಯಲುಸೀಮೆಯಲ್ಲಿ ಸರಿಯಿರಬಹುದು. ಘಟ್ಟದಲ್ಲಿ ಅದೇ ತೊರೆ ಮುಂದೆ ನೂರು ಅಡಿ ಧುಮುಕಿ ಜಲಪಾತವಾಗುತ್ತದೆ. ಇಳಿದವರು ಹತ್ತಲೂ ಆಗದೆ ಇಳಿಯಲೂ ಆಗದೆ ನಡುವೆ ಸಿಕ್ಕಿಬೀಳುತ್ತಾರೆ. ಬಂದ ದಾರಿಯಲ್ಲೇ ಕೊನೆಯದಾಗಿ ಗುರುತು ಸಿಕ್ಕ ಜಾಗಕ್ಕೆ ಹಿಂತಿರುಗಿ. ಅದೂ ಸಿಗದಿದ್ದರೆ ತೆರೆದ ಜಾಗದಲ್ಲಿ ಕೂತು ಮೂರು ಮೂರು ಸಲ ಸೀಟಿ ಊದಿ. ಚೆಕ್‌ಪೋಸ್ಟ್ ಪುಸ್ತಕದಲ್ಲಿ ನಿಮ್ಮ ಹೆಸರಿದೆ. ಸಂಜೆ ಲೆಕ್ಕ ತಪ್ಪಿದಾಗ ಹುಡುಕಿಕೊಂಡು ಬರುತ್ತಾರೆ. ಪರ್ಮಿಟ್ ಇಲ್ಲದೆ ಹಿಂದಿನ ದಾರಿಯಿಂದ ನುಸುಳಿದವರನ್ನು ಹುಡುಕುವವರು ಯಾರು?

ಮನೆಗೆ ಬಂದ ಮೇಲೆ

ಚಾರಣದ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಕಾಣಿಸಿಕೊಳ್ಳುತ್ತದೆ. ಹರಡುವುದು ಉಣ್ಣೆ ಹುಳದಿಂದ. ಸಾಸಿವೆಗಿಂತ ಸಣ್ಣ ಮರಿಗಳೂ ಕಚ್ಚುತ್ತವೆ, ಉಂಬಳದ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಆ ತಿಂಗಳುಗಳಲ್ಲಿ ತರಗೆಲೆ ಮೇಲೆ ಕೂರಬೇಡಿ, ಮಲಗಲೇಬೇಡಿ. ಉದ್ದ ತೋಳಿನ ಅಂಗಿ ಹಾಕಿ. ಉಣ್ಣೆ ತಡೆಯಲು ಆರೋಗ್ಯ ಇಲಾಖೆ ಆ ಕಡೆಯ ಊರುಗಳಲ್ಲಿ ಎಣ್ಣೆ ಹಂಚುತ್ತದೆ. ಹೋಮ್‌ಸ್ಟೇಯವರನ್ನು ಕೇಳಿದರೆ ಸಿಗಬಹುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗಾರ್ಡ್‌ಗೆ ತಿಳಿಸಿ.

ವಾಪಸ್ ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮಂಡಿ ಹಿಂದೆ, ಕಿವಿ ಹಿಂದೆ ನೋಡಿಕೊಳ್ಳಿ. ಉಣ್ಣೆ ಕಚ್ಚಿಕೊಂಡಿದ್ದರೆ ಚರ್ಮಕ್ಕೆ ತಾಗಿಸಿ ಚಿಮಟದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಬೆರಳಲ್ಲಿ ಹಿಸುಕುವುದು ಬೇಡ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಸಾಮಾನ್ಯವಾಗಿ ಜ್ವರ ಬರುತ್ತದೆ. ಒಮ್ಮೆಲೇ ಜ್ವರ, ತಲೆನೋವು, ಮೈಕೈ ಹಿಂಡುವ ನೋವು ಶುರುವಾದರೆ ಮನೆಯಲ್ಲಿ ಮಾತ್ರೆ ನುಂಗುತ್ತಾ ಕೂರಬೇಡಿ. ಬೆಂಗಳೂರಿನ ವೈದ್ಯರಿಗೆ ಇದು ಮೊದಲು ಡೆಂಗಿಯಂತೆಯೇ ಕಾಣಬಹುದು. ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಅಂತ ಅವರು ಕೇಳುವ ಮೊದಲೇ ನೀವೇ ಹೇಳಿ.